ನಲ್ಲಿಯ ಹಿಡಿ

ಮನೆ, ಅಡುಗೆಮನೆಯ ಮೇಜು
ಹನ್ನೆರಡನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆ ಮೂರನೇ ಮಹಡಿ, ಲಿಫ್ಟ್ ಬೇರೆ ಕೈಕೊಟ್ಟಿದೆ ಎಂದೆಯಲ್ಲ. ಹಾಲಿಗೊಂದು ಸಲ, ಸೊಪ್ಪಿಗೊಂದು ಸಲ ಎಂದು ನೀನು ಹತ್ತಿ ಇಳಿಯುತ್ತಿರುತ್ತೀಯೆಂದು ನನಗೆ ಗೊತ್ತಿಲ್ಲದೆ ಇಲ್ಲ. ಬಾಣಂತಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳೆಯೇ? ಪಾಪು ಸುಮ್ಮಸುಮ್ಮನೆ ರಂಪ ಮಾಡುತ್ತಾನೆ ಎಂದರೆ ಅದು ಅಜ್ಜಿಯ ಕಡೆಯ ಗುಣ, ನಮ್ಮ ಕಡೆಯವರು ದಿಂಬು ಕಂಡರೆ ಸಾಕು, ಗೊರಕೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಆದರೆ ಚೆನ್ನಾಗಿಲ್ಲ. ಜ್ವರವಲ್ಲ, ಕೆಮ್ಮಲ್ಲ. ಹೆದರಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿ ಪಕ್ಕದಲ್ಲಿ ಮಗಳನ್ನೂ ಕೂರಿಸಿಕೊಳ್ಳುತ್ತೀಯ. ಇದು ನಿನಗೊಬ್ಬಳಿಗೇ.

ಮೊದಲು ಗಿಡದ ವಿಷಯ. ಭಾನುವಾರ ನೀನು ಕೇಳಿದಾಗ ಜೋರಾಗಿದೆ ಎಂದೆನಲ್ಲ, ಅದು ಸುಳ್ಳು. ಬೇಸಿಗೆಯಲ್ಲಿ ನೇರಳೆ ಹೂ ಬಿಡಲಿ ಎಂದು ನೀನು ಈ ಕಿಟಕಿಯ ಎದುರು ನೆಟ್ಟ ಪೊದೆ ಚಳಿಗೆ ಎಲೆಯೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಂತಾಗ ನಾನು ಹೆದರಲಿಲ್ಲ. ಅದು ಸತ್ತಿಲ್ಲ, ಮಲಗಿದೆ ಎಂದು ನೀನು ಹೇಳಿಹೋಗಿದ್ದೆ. ಚಿಗುರು ಬಂದ ಮೇಲೆ ಭಾನುವಾರ ಮಾತ್ರ, ಬುಡದಿಂದ ಒಂದು ಮೊಳ ದೂರಕ್ಕೆ ನೀರು, ಒಣ ಸೀಮೆಯ ಗಿಡ, ಅದನ್ನು ಮುದ್ದು ಮಾಡಬೇಡಿ ಎಂದೂ ಹೇಳಿದ್ದೆ. ಹಾಗೆಯೇ ಮಾಡಿದೆ. ಬಂದ ಚಿಗುರು ಮೂರು ವಾರದ ಹಿಂದೆ ಜೋತುಬಿತ್ತು. ಸೋಮವಾರ ನರ್ಸರಿಯವನನ್ನು ಕರೆಸಿದೆ. ಅವನು ಬುಡ ಕೆದಕಿ, ಒಂದು ಬೇರು ಕಿತ್ತು ನನ್ನ ಮೂಗಿಗೇ ಹಿಡಿದ. ಕೊಳೆತ ನಾತ. ಬಾಯಾರಿದ ಗಿಡವೂ ಮುಳುಗಿದ ಗಿಡವೂ ನೋಡಲು ಒಂದೇ ಥರ ಬಾಡುತ್ತವಂತೆ, ಇದು ಮುಳುಗಿದ್ದಂತೆ. ದಿನಾ ಯಾರೋ ನೀರು ಬಿಡುತ್ತಿದ್ದಾರೆ ಎಂದ. ವಾರಕ್ಕೊಂದೇ ಸಲ ಎಂದು ನಾನು ಆಣೆ ಮಾಡಿದೆ. ಅವನು ಹೋದ ಮೇಲೆ ಹೊಳೆಯಿತು. ನನಗೆ ಗೊತ್ತಿಲ್ಲದೆ ನಮ್ಮ ಹಿತ್ತಲಿಗೆ ಯಾರೋ ಬಂದು ಹೋಗುತ್ತಿದ್ದಾರೆ ಎಂದಾಯಿತಲ್ಲ. ಎರಡು ದಿನ ಹಗಲು ಹೊತ್ತೂ ಚಿಲಕ ಹಾಕಿಕೊಂಡೇ ಇದ್ದೆ.

ಅನುಮಾನ ಪಕ್ಕದ ಮನೆಯ ಟೀಚರಮ್ಮನ ಮೇಲೆ ಹೋಯಿತು. ಒಣಗಿದ ಕಡ್ಡಿ ಕಂಡರೂ ಅಯ್ಯೋ ಪಾಪ ಎನ್ನುವ ಹೆಂಗಸು, ಈಗ ಶಾಲೆಗೆ ರಜೆ ಬೇರೆ. ಮೂವತ್ತೊಂದು ವರ್ಷ ಊರಿಗೆ ನೀರು ಬಿಟ್ಟವನು ನಾನು. ವಾಲ್ವ್ ತಿರುಗಿಸುವ ಕೀಲಿ ಯಾರ ಜೇಬಿನಲ್ಲಿದೆಯೋ ನೀರು ಅವನ ಕೈಯಲ್ಲಿ, ಊಟಕ್ಕೆ ಕೂತರೂ ಅದನ್ನು ಜೊತೆಯವನ ಕೈಗೆ ಕೊಡುತ್ತಿರಲಿಲ್ಲ. ಅದೇ ಬುದ್ಧಿ ಓಡಿಸಿದೆ. ಮಂಗಳವಾರ ಸಂಜೆ ಹಿತ್ತಲ ನಲ್ಲಿಯ ಹಿಡಿಯನ್ನೇ ಸ್ಕ್ರೂ ಬಿಚ್ಚಿ ಕಳಚಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಈಗ ಬಿಡಿ ನೋಡೋಣ ಎಂದು ಒಳಗೊಳಗೇ ಮೀಸೆ ತಿರುವಿದ್ದೂ ಉಂಟು.

ನಿನ್ನೆ, ಬುಧವಾರ, ಹನ್ನೊಂದು ಗಂಟೆಗೆ ನೋಡಿದರೆ ಬುಡದಲ್ಲಿ ನೀರು ನಿಂತಿದೆ. ನನಗೆ ತಲೆ ಕೆಟ್ಟುಹೋಯಿತು. ಕಾಂಪೌಂಡಿನ ಹತ್ತಿರ ಹೋಗಿ ಟೀಚರಮ್ಮನನ್ನು ಬಾಯಿಗೆ ಬಂದಂತೆ ಅಂದುಬಿಟ್ಟೆ, ಕಳ್ಳಿ ಎಂಬ ಮಾತನ್ನೂ ಆಡಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಸುಮ್ಮನೆ ನನ್ನ ಮುಖ ನೋಡಿ ಹೇಳಿದರು, “ಅಣ್ಣಾ, ಬೆಳಿಗ್ಗೆಯಿಂದ ನೀವೇ ಜೇಬಿಂದ ಹಿಡಿ ತೆಗೆದು ಮೂರು ಸಲ ನೀರು ಬಿಟ್ರಿ. ಮೂರು ಸಲಾನೂ ನನ್ನ ಕಡೆ ನೋಡಿ, ಇವತ್ತು ಭಾನುವಾರ ಟೀಚರಮ್ಮ, ಅಂದ್ರಿ.”

ಜೇಬು ಮುಟ್ಟಿ ನೋಡಿಕೊಂಡೆ, ಹಿಡಿ ಅಲ್ಲೇ ಇತ್ತು. ಪ್ಯಾಂಟಿನ ಅಂಚು ಮೀನಖಂಡದವರೆಗೂ ಒದ್ದೆ. ಇವಳೇ, ನನಗೆ ಒಂದು ಸಲವೂ ನೆನಪಿಲ್ಲ. ಮಸುಕು ಮಸುಕಾಗಿಯಾದರೂ ಇದೆಯೇ ಎಂದು ತಡಕಾಡಿದೆ, ಏನೂ ಇಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಟೀಚರಮ್ಮ ಗೋಡೆ ಬಳಸಿ ಬಂದು ಒಂದು ಲೋಟ ಕಾಫಿ ಕೊಟ್ಟರು. ಕಳ್ಳನೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಆಗಿನಿಂದ ಮನೆಯ ಒಂದೊಂದು ವಸ್ತುವನ್ನೂ ಅನುಮಾನದಿಂದ ನೋಡುತ್ತಿದ್ದೇನೆ. ಗ್ಯಾಸ್ ಆರಿಸಿದ್ದೇನೆ ಎನ್ನುವುದು ನೆನಪೋ, ಬರೀ ನಂಬಿಕೆಯೋ ತಿಳಿಯುವುದಿಲ್ಲ. ಎದ್ದು ಹೋಗಿ ನೋಡುತ್ತೇನೆ, ಬಂದು ಕೂರುತ್ತೇನೆ, ಮತ್ತೆ ಏಳುತ್ತೇನೆ.

ಇವತ್ತು ಬೆಳಿಗ್ಗೆ ನರ್ಸರಿಯವನು ಬಂದು ಕಪ್ಪಾದ ಬೇರುಗಳನ್ನೆಲ್ಲ ಕತ್ತರಿಸಿ, ಜಲ್ಲಿ ಮರಳು ಸೇರಿಸಿ ದಿಬ್ಬ ಮಾಡಿ ಗಿಡವನ್ನು ಮೇಲೆತ್ತಿ ಕೂರಿಸಿದ್ದಾನೆ. ಉಗುರಿನಿಂದ ಕೆರೆದರೆ ಎರಡು ಕೊಂಬೆಯಲ್ಲಿ ಮಾತ್ರ ಹಸಿರಿದೆ. ಇಪ್ಪತ್ತು ದಿನ ಒಂದು ತೊಟ್ಟೂ ನೀರು ಕೂಡದು ಎಂದ. ನಲ್ಲಿಯ ಹಿಡಿಯನ್ನು ಟೀಚರಮ್ಮನ ಕೈಗೆ ಕೊಟ್ಟು ಕೈ ಮುಗಿದೆ. ನಾನು ಬಂದು ಕೇಳಿದರೂ, ಜಗಳಕ್ಕೆ ನಿಂತರೂ ಕೊಡಬೇಡಿ ಎಂದೆ. ಯಾರಿಗೂ ಕೀಲಿ ಕೊಟ್ಟವನಲ್ಲ ನಾನು, ನಿನಗೆ ಗೊತ್ತು.

ನೀನು ಗಾಬರಿಯಾಗಬೇಡ. ಪಾಪುವಿಗೆ ಮೂರು ತಿಂಗಳು ತುಂಬುವವರೆಗೂ ಅಲ್ಲೇ ಇರು, ಮಾತಾಡಿಕೊಂಡ ಹಾಗೆ. ಡಾಕ್ಟರ ಹತ್ತಿರ ನಾನೇ ಹೋಗಿಬರುತ್ತೇನೆ. ಮಗಳಿಗೆ ನನ್ನ ಪ್ರೀತಿ, ಅಳಿಯಂದಿರಿಗೆ ನೆನಪು, ಪಾಪುವಿನ ಎರಡೂ ಅಂಗಾಲಿಗೆ ಅಜ್ಜನ ಮುತ್ತು.

ಇಂತು ನಿನ್ನ
ಇವರು

ತಾ.ಕ.: ಲಕೋಟೆ ತರಲು ಒಳಗೆ ಹೋಗಿದ್ದೆ. ಹೋದ ವಾರ ತಂದ ಹೊಸ ಕಟ್ಟು ಒಡೆದಿದೆ, ಮೂರು ಲಕೋಟೆ ಇಲ್ಲ. ನನಗೆ ತಿಳಿದಂತೆ ನೀನು ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಇದಕ್ಕೂ ಮೊದಲು ನನ್ನ ಕಾಗದ ಬಂದಿದೆಯೇ? ಬಂದಿದ್ದರೆ ಅದರಲ್ಲೂ ಇದೇ ಇದೆಯೇ? ನನ್ನ ಮನಸ್ಸು ನೋಯುತ್ತದೆಂದು ಮುಚ್ಚಿಡಬೇಡ. ಮೂರು ತಿಂಗಳು ಇರು ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಮಗಳು ಬೇಜಾರು ಮಾಡಿಕೊಂಡರೂ ಸರಿ, ಬೇಗ ಬಾ. ನಾನು ಬರಬೇಡ ಎಂದು ಇನ್ನೊಂದು ಕಾಗದ ಬರೆದರೂ ಬಾ.