ಮೇಲೆ ಚೆನ್ನಾಗಿ ಕಂಡರೆ ಸಾಕು

ಅಕ್ಟೋಬರ್ ೧೪, ಮಂಗಳವಾರ

ನಾನು ಹಾಗೆ ಅಂದಿದ್ದೆನೋ ಇಲ್ಲವೋ? ಬೆಳಗಿನಿಂದ ಇದೊಂದೇ ತಲೆ ಕೊರೆಯುತ್ತಿದೆ.

ಗೇಟಿನಿಂದ ಬಾಗಿಲವರೆಗೆ ಪೇವರ್ ಕಲ್ಲು ಹಾಕಿಸಿ ಮೂರು ತಿಂಗಳೂ ಆಗಿಲ್ಲ, ಕಾರಿನ ಚಕ್ರ ಹರಿಯುವ ಕಡೆ ಎರಡು ಹಳ್ಳ ಬಿದ್ದಿವೆ. ನಿನ್ನೆ ಅತ್ತೆ ಅಲ್ಲೇ ಎಡವಿ ಕಾಲು ಉಳುಕಿಸಿಕೊಂಡರು. ಇವತ್ತು ಮೇಸ್ತ್ರಿಯನ್ನು ಕರೆಸಿ ಕೂಗಾಡಿದೆ. ಮೂವರಲ್ಲಿ ಕಡಿಮೆ ರೇಟು ಹೇಳಿದವನು ಅವನೇ, ಆರಿಸಿದವಳು ನಾನೇ. ಅವನು ತಿರುಗಿ ಬೈಯಲಿಲ್ಲ. ಒಂದು ಕಲ್ಲು ಎಬ್ಬಿಸಿ ತೋರಿಸಿದ. ಕೆಳಗೆ ಬರೀ ಮರಳು.

“ಕೆಳಗೆ ಜಲ್ಲಿ ಹಾಕಿ ಗಟ್ಟಿಯಾಗಿ ದಮ್ಮಸ್ಸು ಮಾಡ್ಲಾ ಅಂತ ಕೇಳಿದ್ನಲ್ಲಾ ಮೇಡಂ. ‘ಬೇಡಪ್ಪ, ಮೇಲೆ ಚೆನ್ನಾಗಿ ಕಂಡ್ರೆ ಸಾಕು’ ಅಂದಿದ್ರಿ.”

ಸುಳ್ಳು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮನೆಯವರು ನಕ್ಕುಬಿಟ್ಟರು. “ಆ ಮಾತು ನಿಂದೇ ಕಣೆ.”

ಪರದೆ ಹೊಲಿಸುವಾಗಲೂ, ಒದ್ದೆ ಗೋಡೆಗೆ ಬಣ್ಣ ಬಳಿಸುವಾಗಲೂ ಹಾಗೇ ಅಂದಿದ್ದೆನಂತೆ. ಇರಬಹುದು. ಆದರೆ ಮೇಸ್ತ್ರಿ ಜಲ್ಲಿಯ ವಿಷಯ ಕೇಳಿದ್ದೇ ನನಗೆ ನೆನಪಿಲ್ಲ. ಹಾಗಾದರೆ ನನ್ನ ಮಾತು ಅವನಿಗೆ ಎಲ್ಲಿಂದ ಸಿಕ್ಕಿತು?

ದೀಪ ಹಾಕುವ ಹೊತ್ತಿಗೆ ಅತ್ತೆ ಗೋಡೆ ಹಿಡಿದುಕೊಂಡು, ಪೇವರ್ ಕಲ್ಲು ತುಳಿಯದೆ ಮನೆಯನ್ನೆಲ್ಲ ಸುತ್ತಿ ಬಳಸಿ, ಹಿಂಬಾಗಿಲಿನಿಂದ ಒಳಗೆ ಬಂದರು. ಯಾಕೆ ಅಂದೆ.

“ಹಿಂದಿನ ಕಡೆ ನೆರಳಿದೆ ಕಣಮ್ಮ,” ಅಂದರು, ಹಳ್ಳದ ಮಾತೇ ಎತ್ತದೆ.

ಹೊತ್ತು ಮುಳುಗಿದ ಮೇಲೆ ಎಂಥ ನೆರಳು?