ಹೀರೋನ ಸಾಯುವ ಸೀನು

ನವೆಂಬರ್ ೧೭, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನೀನು, ಭಾವ ಇಬ್ಬರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರಗಳಿಗೆ ಉತ್ತರ ಬರೆಯದೆ ಕೂತಿದ್ದಕ್ಕೆ ಬೈ, ಆದರೆ ಕೊನೆಯವರೆಗೆ ಓದಿ ಆಮೇಲೆ ಬೈ. ಕೆಲಸ ಜಾಸ್ತಿಯಿತ್ತು ಎಂದರೆ ಅದು ಅರ್ಧ ನಿಜ. ಇನ್ನರ್ಧವನ್ನು ಹೇಗೆ ಬರೆಯುವುದೆಂದು ತಿಳಿಯದೆ ಹಾಳೆ ಹರಿದು ಹಾಕುತ್ತಿದ್ದೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳ ಕನ್ನಡ ಇದು. ತಪ್ಪುಗಳನ್ನು ಎಂದಿನಂತೆ ಕೆಂಪು ಶಾಯಿಯಲ್ಲಿ ತಿದ್ದಿಕೋ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗುತ್ತಿಲ್ಲ. ಒಂದು ನಾಯಿಯ ಹೃದಯದ ಕವಾಟವನ್ನು ನಾನು ಕೈಯಾರೆ ತೆರೆದೆ. ದೊಡ್ಡ ಡಾಕ್ಟರ ಪಕ್ಕದಲ್ಲಿ ನಿಂತು ಸಾಮಾನು ಕೊಡುವ ಕೆಲಸವಲ್ಲ. ನಾನೇ.

ನಾಯಿಯ ಹೆಸರು ಹೀರೋ. ಆಸ್ಪತ್ರೆಯ ಹಿಂದಿನ ಬೀದಿಯ ದರ್ಜಿ ದಂಪತಿಯ ಮರಿ, ಇನ್ನೂ ವರ್ಷ ತುಂಬಿಲ್ಲ. ಲಸಿಕೆ ಹಾಕಿಸಲು ತಂದಿದ್ದರು. ದರ್ಜಿಗೆ ಹೆಮ್ಮೆಯೋ ಹೆಮ್ಮೆ. "ಡಾಕ್ಟ್ರಮ್ಮ, ಯಾರೂ ಕಲಿಸ್ದೆ ಇವನಿಗೊಂದು ವಿದ್ಯೆ ಬಂದಿದೆ. ನಾನು ಹೊರಗಿಂದ ಬಂದ್ರೆ ಸಾಕು, ಓಡಿ ಬಂದು ಕಾಲ ಹತ್ರ ಧೊಪ್ಪಂತ ಬಿದ್ದು ಸತ್ತ ಹಾಗೆ ನಾಟಕ ಆಡ್ತಾನೆ. ಪಕ್ಕಾ ಸಿನಿಮಾ! ಅದಕ್ಕೇ ಹೀರೋ ಅಂದಿದ್ದು."

"ಪ್ರತಿ ಸಲ ಬಿಸ್ಕತ್ತು ಬೇರೆ ಕೊಡ್ತಾರೆ" ಎಂದು ಹೆಂಡತಿ ನಕ್ಕರು. "ಗಿರಾಕಿಗಳು ಚಪ್ಪಾಳೆ ತಟ್ತಾರೆ. ಬಟ್ಟೆ ಹೊಲಿಸೋಕಿಂತ ಇವನ ಸಾಯೋ ಸೀನು ನೋಡೋಕೆ ಬರೋರೇ ಜಾಸ್ತಿ."

ನಾನೂ ನಕ್ಕೆ, ಅಕ್ಕ. ನಗುತ್ತಲೇ ಅದರ ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಅರ್ಧ ತಿರುಗಿಸಿದ ನಲ್ಲಿಯಂತೆ ಬುಸ್ ಬುಸ್ ಸದ್ದು. ಅದು ನಾಟಕವಾಗಿರಲಿಲ್ಲ. ಮರಿ ನಿಜವಾಗಿಯೂ ಎಚ್ಚರ ತಪ್ಪಿ ಬೀಳುತ್ತಿತ್ತು.

ಸ್ಕ್ಯಾನ್ ಮಾಡಿ ತೋರಿಸಿದೆ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯಲ್ಲಿರುವ ಕವಾಟದ ಎಸಳುಗಳು ಹುಟ್ಟುವಾಗಲೇ ಅಂಟಿಕೊಂಡಿದ್ದವು. ನಡುವೆ ಸಣ್ಣ ಕಿಂಡಿ, ಅಷ್ಟೇ. ದರ್ಜಿ ಪರದೆಯನ್ನೇ ನೋಡುತ್ತ, "ಕಾಜಾ ಹೊಲ್ಕೊಂಡುಬಿಟ್ಟಿದೆ ಅನ್ನಿ, ಗುಂಡಿ ತೂರ್ತಿಲ್ಲ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಅವನು ಸಾಯ್ತಿದ್ದ. ನಾವು ಬಿಸ್ಕತ್ತು ಕೊಡ್ತಿದ್ವಿ."

"ಸುಮ್ನಿರಿ, ಗೊತ್ತಿದ್ದು ಕೊಟ್ವಾ?" ಎಂದು ಗದರಿದ ಹೆಂಡತಿಯ ಕಣ್ಣೂ ತುಂಬಿತ್ತು.

ಹೀಗೇ ಬಿಟ್ಟರೆ ಒಂದು ದಿನ ಬಿದ್ದವನು ಏಳುವುದಿಲ್ಲ, ಸರಿಪಡಿಸಲು ಹೋದಾಗಲೂ ಹೃದಯ ನಿಲ್ಲಬಹುದು ಎಂದು ಎರಡನ್ನೂ ಹೇಳಿದೆ. "ಮಾಡಿ" ಎಂದರು ಇಬ್ಬರೂ. ದೊಡ್ಡ ಡಾಕ್ಟರು ನನ್ನತ್ತ ತಿರುಗಿ, "ಈ ಸಲ ನೀವೇ ಮಾಡಿ. ನಾನು ಕೈ ಕಟ್ಕೊಂಡು ನಿಲ್ತೀನಿ" ಎಂದರು. ನಾನು ಒಪ್ಪಿದ್ದು ಧೈರ್ಯದಿಂದಲೋ ಅಹಂಕಾರದಿಂದಲೋ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಸಿಗುವ ಮೊದಲೇ ಕೈ ತೊಳೆದಾಗಿತ್ತು.

ಕತ್ತಿನ ರಕ್ತನಾಳದಿಂದ ತೆಳು ಕೊಳವೆಯೊಂದನ್ನು ಹೃದಯಕ್ಕೆ ಇಳಿಸಿ, ಅದರ ತುದಿಯ ಬಲೂನನ್ನು ಆ ಕಿಂಡಿಯಲ್ಲಿ ಉಬ್ಬಿಸಬೇಕು. ಉಬ್ಬಿರುವಷ್ಟು ಹೊತ್ತು ರಕ್ತಕ್ಕೆ ದಾರಿಯೇ ಇಲ್ಲ. ಮೊದಲ ಸಲ ಬಲೂನು ಜಾರಿತು. "ಉಸಿರು ತಗೊಳ್ಳಿ" ಎಂದರು ದೊಡ್ಡ ಡಾಕ್ಟರು. "ನಾಯಿಗಲ್ಲ, ನಿಮಗೆ ಹೇಳಿದ್ದು." ಮತ್ತೆ ಉಬ್ಬಿಸಿದೆ. ನನ್ನ ಕೈ ನಡುಗಲಿಲ್ಲ, ನನಗೇ ಆಶ್ಚರ್ಯ. ಬಲೂನಿನ ಸೊಂಟ ಕಿಂಡಿಯಲ್ಲಿ ಸಿಕ್ಕಿ ಬಿಗಿದು ನಿಂತಿತು, ಆಮೇಲೆ ಪಟ್ಟನೆ ಬಿಗಿತ ಬಿಟ್ಟು ಪೂರ್ತಿ ಅರಳಿತು. ತಕ್ಷಣ ಬಲೂನನ್ನು ಕುಗ್ಗಿಸಿದೆ. ಪರದೆಯ ಮೇಲಿನ ಎದೆಬಡಿತದ ಗೆರೆ ತಡವರಿಸಿತು, ಇನ್ನೇನು ಮಲಗಿತು ಎನ್ನುವಾಗ ಎದ್ದು ಕುಣಿಯತೊಡಗಿತು. ಕಿಂಡಿಯ ಹಿಂದೆ ಕಟ್ಟಿಕೊಂಡಿದ್ದ ಒತ್ತಡ ಅರ್ಧಕ್ಕೂ ಕೆಳಗೆ ಇಳಿದಿತ್ತು. ಕೈ ಕಟ್ಟಿ ನಿಂತಿದ್ದವರೇ ಮೊದಲು ಚಪ್ಪಾಳೆ ತಟ್ಟಿದ್ದು.

ನಿನ್ನೆ ಮರುತಪಾಸಣೆ. ದರ್ಜಿ ನಮ್ಮ ಆಸ್ಪತ್ರೆಯ ಉದ್ದನೆಯ ಕಾರಿಡಾರಿನ ಆ ತುದಿಯಲ್ಲಿ ನಿಂತು "ಹೀರೋ!" ಎಂದು ಕೂಗಿದರು. ಓಡಿದ, ಅಕ್ಕ. ಸರದಿಯಲ್ಲಿ ಕೂತಿದ್ದ ಬೆಕ್ಕನ್ನು ಬೆಚ್ಚಿಬೀಳಿಸಿ, ನೆಲ ಒರೆಸುವ ಬಕೆಟ್ಟು ಉರುಳಿಸಿ, ಯಜಮಾನರ ಕಾಲ ಹತ್ತಿರ ಹೋದ. ನಾವೆಲ್ಲ ಉಸಿರು ಹಿಡಿದಿದ್ದೆವು. ಬೀಳಲಿಲ್ಲ! ಅವರನ್ನು ಸುತ್ತಿ, ನಮ್ಮವರೆಗೆ ಓಡಿ, ಮತ್ತೆ ವಾಪಸ್ಸು ಓಡಿದ. ದರ್ಜಿ ಅಭ್ಯಾಸದಂತೆ ಬಿಸ್ಕತ್ತು ಚಾಚಿದರು. ನಿಂತುಕೊಂಡೇ ತಿಂದ.

"ನಾಟಕ ಮರೆತೇಹೋಯ್ತಲ್ಲೋ ನಿಂಗೆ!" ಎಂದು ದರ್ಜಿ ಅಳುತ್ತ ನಕ್ಕರು.

"ಇನ್ಮೇಲೆ ಗಿರಾಕಿ ಬರ್ಬೇಕಂದ್ರೆ ನೀವು ಬಟ್ಟೇನೇ ಹೊಲೀಬೇಕು" ಎಂದರು ಹೆಂಡತಿ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ಈ ಕೈಗಳ ಮೇಲಿರಲಿ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಆ ಇನ್ನರ್ಧ ಇಲ್ಲಿದೆ. ಹೀರೋನದು ನಿನ್ನ ಕೂಸು ಪುಟ್ಟಿಗಿದ್ದಂಥದೇ ಕವಾಟ. ಅವಳಿಗೂ ಇದೇ ಬಲೂನು ಹಾಕಿದ್ದರು. ಅವಳ ಗೆರೆ ಮತ್ತೆ ಏಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುವಾಗ ನನಗೆ ಮೊದಲು ನೆನಪಾದವಳು ಅವಳು. ನಾಯಿಯ ಕಥೆ ಹೇಳಿ ನಿನ್ನನ್ನು ನೋಯಿಸಬೇಕೇ ಎಂದು ಹಾಳೆ ಹರಿಯುತ್ತಿದ್ದೆ. ಆದರೆ ನೀನೇ ಬರೆದಿದ್ದೆಯಲ್ಲ, "ಅವಳ ಮಾತು ಯಾರೂ ಆಡಲ್ಲ ಕಣೇ, ಹುಟ್ಟೇ ಇರ್ಲಿಲ್ಲ ಅನ್ನೋ ಹಾಗೆ" ಎಂದು. ನಾನು ಆಡುತ್ತೇನೆ, ಅಕ್ಕ. ಪುಟ್ಟಿ ಇದ್ದಳು. ಅವಳನ್ನು ಒಳಗೆ ಕರೆದೊಯ್ಯುವ ಮುನ್ನ ನನ್ನ ಮಡಿಲಲ್ಲಿದ್ದಳು, ನನ್ನ ಕಿರುಬೆರಳನ್ನು ಹಿಡಿದು ಬಿಡಲೇ ಇಲ್ಲ. ನಡುಗಲಿಲ್ಲ ಎಂದೆನಲ್ಲ, ಅದು ಅದೇ ಕೈ.