ಕಥೆಯೊಳಗಿನ ಕೆಂಪು ಸ್ವೆಟರ್

೩-೨-೧೯೯೯
ಇವತ್ತೂ ಆನೇಮಹಲ್‌ವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಕ್ಲಾಸಿನಲ್ಲಿ ಶೀಲಾ ಮೇಡಂ ‘ನಿರೂಪಕ’ ಪಾಠ ಮಾಡಿದರು. “ಕಥೇಲಿ ಬರೋ ‘ನಾನು’ ಬರೆದವರೇ ಅಂತ ತಿಳ್ಕೋಬೇಡಿ. ನಿರೂಪಕ ಬೇರೆ, ಲೇಖಕ ಬೇರೆ.” ಎರಡೆರಡು ಸಲ ಅಡಿಗೆರೆ ಎಳೆದೆ. ಹೋದ ಜೀವ ಬಂದಂತಾಯಿತು. ಕಾಲೇಜು ಮ್ಯಾಗಜೀನಿಗೆ ಕಥೆ ಕೊಟ್ಟಿದ್ದೇನಲ್ಲ...

ಡಿಸೆಂಬರಿನಲ್ಲಿ ನಮ್ಮ ಎಸ್ಟೇಟಿನ ಬೇಲಿಯಲ್ಲಿ ಕರೆಂಟ್ ತಗಲಿ ಆನೆ ಸತ್ತಿತು. ಬೇಲಿಗೆ ಕರೆಂಟ್ ವೈರ್ ಎಳೆದವರು ಯಾರೆಂದು ಫಾರೆಸ್ಟ್‌ನವರು ಇನ್ನೂ ಹುಡುಕುತ್ತಿದ್ದಾರೆ. ನನ್ನ ಕಥೆಯ ಹುಡುಗಿ ವೈರ್ ಎಳೆಯುವವನನ್ನು ಬೆನ್ನಿನ ಕಡೆಯಿಂದ ನೋಡುತ್ತಾಳೆ. ಕೆಂಪು ಸ್ವೆಟರ್.

೨೨-೨
ಮ್ಯಾಗಜೀನ್ ಬಂತು. ಗೆಳತಿಯರ ಗೇಲಿ — ರೈಟರ್ ಮಗಳು ರೈಟರ್! ಎಸ್ಟೇಟಿನಲ್ಲಿ ಹಾಜರಿ ಬರೆಯುವ ಅಪ್ಪನೂ ರೈಟರೇ ತಾನೆ.

ಅಪ್ಪ ಓದಿದರು. “ಯಾರ್ ಹೇಳಿದ್ರು ನಿಂಗೆ ಇದ್ನೆಲ್ಲ?”

“ಕಲ್ಪನೆ ಅಪ್ಪ.”

“ಇಂಥ ಕಲ್ಪನೆ ಬ್ಯಾಡ ಕಣವ್ವ.” ಊಟ ಬಿಟ್ಟು ಎದ್ದರು. ಮೈಮೇಲೆ ನಾನೇ ಹೆಣೆದುಕೊಟ್ಟ ಹಸಿರು ಸ್ವೆಟರ್.

ಮುಖ ತೋರಿಸದೆ ಕುತೂಹಲ ಉಳಿಸಿದ್ದೀಯ, ಒಳ್ಳೇ ತಂತ್ರ ಅಂದರು ಮೇಡಂ. ತಂತ್ರವಂತೆ! ಹೆದರಿಕೆ ಮೇಡಂ, ಬರೀ ಹೆದರಿಕೆ.

೨-೩
ಫಾರೆಸ್ಟ್‌ನವರು ಕೆಂಚಯ್ಯನನ್ನು ಕರೆದುಕೊಂಡು ಹೋದರು. ಕೂಲಿ ಲೈನಿನ ಮನೆಗಳಲ್ಲಿ ಕೆಂಪು ಸ್ವೆಟರ್ ಇರುವುದು ಅವನೊಬ್ಬನಿಗೇ. ಹೊಳೆಯಲೇ ಇಲ್ಲ ನನಗೆ. ಬಣ್ಣ ಬದಲಿಸಿದರೆ ಸಾಕು ಅಂದುಕೊಂಡಿದ್ದೆ. ದಡ್ಡಿ.

ಅವನ ಹೆಂಡತಿ ಭದ್ರಮ್ಮ ಬಾಗಿಲಿಗೆ ಬಂದಳು. “ಅವ್ವಾ, ಬುಕ್ಕಲ್ಲಿ ಬರ್ದೈತಂತೆ. ಅದು ನಮ್ಮನೇವ್ರಲ್ಲ ಅಂತ ಒಂದ್ ಮಾತು ಹೇಳ್ಬುಡಿ.”

“ಅದು ಕಥೆ ಭದ್ರಮ್ಮ.”

“ಕಥೆ ಆದ್ರೆ ಅವ್ರನ್ಯಾಕ್ ಎಳ್ಕೊಂಡೋದ್ರು?”

ಒಳಗೆ ಬಂದು ನೋಟ್ಸ್ ತೆಗೆದು ಆ ಎರಡು ಅಡಿಗೆರೆ ನೋಡಿದೆ.

೪-೩, ಬೆಳಿಗ್ಗೆ ೧೦
ಜೀಪ್ ಬಂತು. ಕಿಟಕಿಯಿಂದ ನೋಡುತ್ತಿದ್ದೇನೆ. ಆಫೀಸರ್ ಕೈಯಲ್ಲಿ ಮ್ಯಾಗಜೀನ್. “ರೈಟರ್ ಯಾರ್ರೀ?”

ಅಪ್ಪನ ಮುಖ ಬಿಳಿಚಿಕೊಂಡಿತು. ಆದರೂ ಮುಂದೆ ಹೋದರು. “ನಾನೇ ಸಾರ್. ಸುಬ್ಬಯ್ಯ.”

“ನೀವಲ್ಲ ಮಾರಾಯ್ರೇ, ಈ ಕಥೆ ಬರೆದೋರು! ನವ್ಯಶ್ರೀ ಅಂತೆ.”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಕಿಟಕಿಯ ಕಡೆ ತಿರುಗಿದರು... ಒಂದೇ ಪದಕ್ಕೆ ಎರಡರ್ಥ — ಶ್ಲೇಷೆ. ಪರೀಕ್ಷೆಗೆ ಬರುತ್ತೆ ಅಂದಿದ್ದರು ಮೇಡಂ.

ಕರೆಯುತ್ತಿದ್ದಾರೆ. ಬರೀ ಕಥೆ ಅಂದರೆ ಅಪ್ಪ ಉಳಿಯುತ್ತಾರೆ. ಕೆಂಚಯ್ಯ ಮನೆಗೆ ಬರುವುದಿಲ್ಲ.

ಇದು ದಿನಚರಿ. ಇಲ್ಲಿ ‘ನಾನು’ ಅಂದರೆ ನಾನೇ. ಕಣ್ಣಾರೆ ನೋಡಿದೆ. ಹೊರಗೆ ಹೋಗಿ ಇಷ್ಟು ಹೇಳಬೇಕು — ಸ್ವೆಟರ್ ಕೆಂಪಲ್ಲ ಸಾರ್. ಹಸಿ—